ಸೂಸೈಗೆ ಸಿಗದ ಗೂಡಂಗಡಿ

ನಮ್ಮ ತಾತಂದಿರು ಇಗರ್ಜಿಯ ಮೆಟ್ಟಿಲು ಹತ್ತಿದ್ದು ಸ್ವರ್ಗದ ಆಸೆಗಷ್ಟೇ ಅಲ್ಲ. ಮುಟ್ಟಿ ಮಾತಾಡಿಸ್ತಾರೆ, ಮಕ್ಕಳ ಕೈಗೆ ಸ್ಲೇಟು ಕೊಡ್ತಾರೆ ಅಂತ. ಕೊಟ್ಟರು. ಅದನ್ನು ನಾವು ಮರೆಯೋದಿಲ್ಲ. ಆದರೆ ಗೌಡರ ಗದ್ದೆಯ ಕೂಲಿ ಹಾಗೇ ಉಳೀತು. ಜ್ಞಾನಸ್ನಾನದ ನೀರು ಊರವರ ಕಣ್ಣಿನ ಮೈಲಿಗೆಯನ್ನು ತೊಳೀಲಿಲ್ಲ.

ಇನ್ನು ಸರಕಾರದ ಲೆಕ್ಕ. ಪರಿಶಿಷ್ಟ ಜಾತಿ ಯಾರು ಅಂತ ಹೇಳೋ 1950ರ ಆದೇಶ ಮತ ಕೇಳಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತರಾದ ನಾವು ಹೊರಗೇ.

ಮದರಾಸಿನ ರಸ್ತೆ ಬದಿ ಚಪ್ಪಲಿ ಹೊಲೀತಿದ್ದ ಸೂಸೈ ಆದಿದ್ರಾವಿಡ, ಕ್ರೈಸ್ತ. ಚಮ್ಮಾರರಿಗೆ ಸರಕಾರ ಪುಕ್ಕಟೆ ಗೂಡಂಗಡಿ ಹಂಚಿದಾಗ ಈ ಅಣ್ಣನಿಗೆ ಕೊಡಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದ. ಮತ ಬದಲಾದ ಮೇಲೂ ಜಾತಿಯ ಕಷ್ಟ ಹಾಗೇ ಇದೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ 1985ರಲ್ಲಿ ಅರ್ಜಿ ವಜಾ ಆಯ್ತು. ಅದೇ ಬಿಸಿಲು, ಅದೇ ತೊಗಲು, ಅದೇ ಉಳಿ. ಕೈಮುಗಿಯೋ ದೇವರು ಮಾತ್ರ ಬೇರೆ. ಇದಕ್ಕಿಂತ ಪುರಾವೆ ಏನು ಬೇಕಿತ್ತು?

ಇಗರ್ಜಿಯೂ ಉತ್ತರ ಹೇಳಬೇಕು. ಅಲ್ಲಿನ ಹಿಂದಿನ ಸಾಲು, ಸಮಾಧಿಯ ಬೇರೆ ಮೂಲೆ ಕಂಡವರು ನಾವು. ನಮಗೆ ತಾಳ್ಮೆ ಕಲಿಸಿದ್ದು ಸಾಕು.

ಬಡಗಿಯ ಮನೆಯಲ್ಲಿ ಬೆಳೆದ ಏಸು ನಮಗೆ ತಲೆಯೆತ್ತಿ ನಿಲ್ಲೋ ಧೈರ್ಯ ಕೊಟ್ಟ. ಭೂಮಿ, ಕೂಲಿ, ಮೀಸಲಾತಿ ಮೇಲಿಂದ ಉದುರೋದಿಲ್ಲ. ಭಾನುವಾರ ಪ್ರಾರ್ಥನೆ ಮಾಡೋಣ. ಸೋಮವಾರ ಕೇರಿಯ ಹಿಂದೂ, ಬೌದ್ಧ ಅಣ್ಣತಮ್ಮಂದಿರ ಜತೆ ಬೀದಿಗಿಳಿಯೋಣ. ಹಸಿವಿಗೆ ಮತ ಇಲ್ಲ, ಹೋರಾಟಕ್ಕೂ ಬೇಡ.