ಒಂದು ಗೇಣು ಜಾಗ

ಜೆ.ಪಿ. ನಗರ ಏಳನೇ ಫೇಸಿನ ಈ ಬಾಡಿಗೆ ಮನೆ ನೋಡೋಕೆ ಬಂದ ದಿನ ನಾನು ಬೇರೇನನ್ನೂ ಸರಿಯಾಗಿ ನೋಡಲಿಲ್ಲ. ಬಚ್ಚಲುಮನೆ ಬಾಗಿಲು ತೆಗೆದಾಗ ಕಂಡಿದ್ದು ಮೂರಡಿ ಉದ್ದದ ಕರಿ ಗ್ರಾನೈಟ್ ಕಟ್ಟೆ, ಅದರ ಮೇಲೊಂದು ಬಿಳಿ ಬೇಸಿನ್ನು, ಹಿಂದೆ ದೊಡ್ಡ ಕನ್ನಡಿ. ಅಷ್ಟಕ್ಕೇ ಅಡ್ವಾನ್ಸ್ ಕೊಟ್ಟುಬಿಟ್ಟೆ. ಅದಕ್ಕೆ ಮುಂಚೆ ಬಿಟಿಎಂನಲ್ಲಿ ನಾಲ್ಕು ಜನ ಗೆಳೆಯರ ಜೊತೆ, ಮದುವೆಯಾದ ಮೇಲೆ ಜಯನಗರದ ಹಳೇ ಮನೆಯೊಂದರ ಮಹಡಿಯಲ್ಲಿ ಇದ್ದವನು ನಾನು. ಅಂಥ ಹಳೇ ಮನೆಗಳಲ್ಲಿ ವಾಶ್ ಬೇಸಿನ್ ಇರೋದು ಊಟದ ಹಾಲಿನ ಮೂಲೆಯಲ್ಲಿ. ಬಚ್ಚಲಲ್ಲಿ ಒಂದು ನಲ್ಲಿ, ಒಂದು ಬಕೆಟ್ಟು, ಗೋಡೆಗೆ ಹೊಡೆದ ಒಂದು ಸೋಪ್ ಡಬ್ಬಿ, ಅಷ್ಟೇ. ಹಾಗಾಗಿ ಮೂರಡಿ ಗ್ರಾನೈಟ್ ಅನ್ನೋದು ನನ್ನ ಪಾಲಿಗೆ ಪ್ರಮೋಷನ್ ಲೆಟರಿನಷ್ಟೇ ದೊಡ್ಡದು.

ಮೂರು ವರ್ಷ ಆದ ಮೇಲೆ ಆ ಗ್ರಾನೈಟ್ ಯಾವ ಬಣ್ಣದ್ದು ಅಂತ ಯಾರಾದ್ರೂ ಕೇಳಿದ್ರೆ ಹೇಳೋಕೆ ಸ್ವಲ್ಪ ಯೋಚನೆ ಮಾಡಬೇಕಿತ್ತು. ಕಾಣಿಸಿದ್ರೆ ತಾನೆ!

ನಮ್ಮೂರು ತಿಪಟೂರು ಕಡೆ. ನಮ್ಮ ಮನೆಯ ಬಚ್ಚಲು ಅಂದ್ರೆ ಒಂದು ತಾಮ್ರದ ಹಂಡೆ, ಅದರ ಕೆಳಗೆ ತೆಂಗಿನ ಮಟ್ಟೆ ಉರಿಯೋ ಒಲೆ, ಕೂತ್ಕೊಂಡು ನೀರು ಹುಯ್ಕೊಳ್ಳೋಕೆ ಒಂದು ಚಪ್ಪಡಿ ಕಲ್ಲು. ಗೋಡೆಯಲ್ಲಿ ಒಂದು ಗೂಡು. ಮನೆಯಲ್ಲಿ ಏಳು ಜನ, ಗೂಡು ಮಾತ್ರ ಒಂದೇ. ಅದರಲ್ಲಿ ಕೆಂಪು ಲೈಫ್‌ಬಾಯ್, ಹಿಮ್ಮಡಿ ಉಜ್ಜೋ ಕಲ್ಲು, ಸೀಗೆಪುಡಿ ಡಬ್ಬಿ, ಅಪ್ಪನ ರೇಜರ್. ಮೈಸೂರು ಸ್ಯಾಂಡಲ್ ಸೋಪು ಬಚ್ಚಲಿಗೆ ಬರ್ತಾನೇ ಇರಲಿಲ್ಲ. ಅದು ಟ್ರಂಕಿನಲ್ಲಿ ಅವ್ವನ ಸೀರೆಗಳ ಮಧ್ಯೆ ಘಮಘಮಿಸ್ತಾ ಕೂತಿರೋದು, ನೆಂಟರು ಬಂದಾಗ ಮಾತ್ರ ಈಚೆಗೆ. ಶಾಂಪೂ ಅಂದ್ರೆ ಶೆಟ್ಟರ ಅಂಗಡಿ ಮುಂದೆ ತೋರಣದ ಹಾಗೆ ನೇತಾಡ್ತಿದ್ದ ಒಂದು ರೂಪಾಯಿ ಪ್ಯಾಕೆಟ್ಟು. 1983ರಲ್ಲಿ ತಮಿಳುನಾಡಿನಲ್ಲಿ ಶುರುವಾದ ಚಿಕ್ ಶಾಂಪೂವಿನಂಥವು ಹಳ್ಳಿ ಹಳ್ಳಿ ಹೊಕ್ಕಿದ್ದು ಈ ಪುಟ್ಟ ಪ್ಯಾಕೆಟ್ಟಿನ ಬಲದಿಂದಲೇ. ಆ ಪ್ಯಾಕೆಟ್ಟಿನ ಒಂದು ಗುಣ ನನಗೆ ಈಗ ಅರ್ಥ ಆಗ್ತಿದೆ. ಹರಿದ್ರೆ ಆವತ್ತೇ ಖಾಲಿ. ಅರ್ಧ ಉಳಿದಿದ್ದು ಅಂತ ಏನೂ ಇರ್ತಿರಲಿಲ್ಲ.

ನಮ್ಮ ಗ್ರಾನೈಟ್ ತುಂಬಿದ್ದೆಲ್ಲ ಅರ್ಧ ಉಳಿದಿದ್ದೇ. ಎರಡು ತಗೊಂಡ್ರೆ ಒಂದು ಫ್ರೀ ಅಂತ ಬಂದ ಬಾಡಿ ವಾಶ್. ಹಬ್ಬದ ಸೇಲಿನಲ್ಲಿ ತರಿಸಿದ ಒಂದು ಲೀಟರ್ ಶಾಂಪೂ, ಕೂದಲು ಉದುರ್ತಿದೆ ಅಂತ ಅದನ್ನು ಬಿಟ್ಟು ತರಿಸಿದ ಇನ್ನೊಂದು, ಅದರಿಂದಲೂ ಉದುರ್ತಿದೆ ಅಂತ ತರಿಸಿದ ಈರುಳ್ಳಿ ಎಣ್ಣೆ. ಆನ್‌ಸೈಟ್‌ಗೆ ಹೋದಾಗ ಹೋಟೆಲಿಂದ ತಂದ ಪುಟಾಣಿ ಬಾಟಲಿಗಳು. ಶೇವಿಂಗ್ ಫೋಮ್ ಇದ್ರೂ ತಂದ ಶೇವಿಂಗ್ ಕ್ರೀಮು. ಇದರ ಮಧ್ಯೆ ಕೆಮ್ಮಿನ ಸಿರಪ್, ಕಿವಿ ಡ್ರಾಪ್ಸ್, ಒಂದು ಸ್ಕ್ರೂಡ್ರೈವರು. ಸ್ಕ್ರೂಡ್ರೈವರ್ ಅಲ್ಲಿಗೆ ಹೇಗೆ ಬಂತು ಅನ್ನೋದು ನನಗೂ ನನ್ನ ಹೆಂಡತಿಗೂ ಇವತ್ತಿಗೂ ಬಗೆಹರಿಯದ ವಿಷಯ.

ಹೋದ ವರ್ಷ ಅವ್ವನನ್ನು ಎಡಗಣ್ಣಿನ ಪೊರೆ ತೆಗೆಸೋಕೆ ಅಂತ ಬೆಂಗಳೂರಿಗೆ ಕರ್ಕೊಂಡು ಬಂದೆ. ಮೊದಲ ದಿನ ಬಚ್ಚಲಿಗೆ ಹೋದವಳು ಬಾಗಿಲಲ್ಲೇ ನಿಂತು, "ಏನ್ಲಾ ಮಗ, ಜಾತ್ರೇಲಿ ಬಳೆ ಅಂಗಡಿ ಇಟ್ಟಂಗೆ ಇಟ್ಟಿದ್ದೀಯ?" ಅಂದಳು. ನಾವು ನಕ್ಕೆವು. ಅವಳ ಹಲ್ಲುಪುಡಿ ಡಬ್ಬಿ, ಬ್ರಶ್ಶು ಇಡೋಕೆ ಕಟ್ಟೆ ಮೇಲೆ ಜಾಗ ಸಿಗಲಿಲ್ಲ. ಕಿಟಕಿ ಮೇಲಿಟ್ಟುಕೊಂಡಳು. ಅದಕ್ಕೂ ನಾವು ಏನೂ ಅನ್ನಲಿಲ್ಲ.

ಆಪರೇಷನ್ ಚೆನ್ನಾಗೇ ಆಯ್ತು. ಅದೇ ದಿನ ಸಂಜೆ ಮನೆಗೆ ಕಳಿಸಿದರು. ಕಣ್ಣಿಗೆ ನೀರು ತಾಕಿಸಬಾರದು, ತಲೆಗೆ ಸ್ನಾನ ಬೇಡ, ಉಜ್ಜಬಾರದು, ಎರಡು ಥರದ ಡ್ರಾಪ್ಸ್ ಗಂಟೆ ಲೆಕ್ಕದಲ್ಲಿ ಹಾಕಬೇಕು. ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು, ಇಲ್ಲದಿದ್ರೆ ಎರಡನೇದು ಮೊದಲನೇದನ್ನು ತೊಳೆದುಬಿಡುತ್ತೆ. ಎಲ್ಲ ಕೇಳಿಸಿಕೊಂಡೆ, ಫೋನಿನಲ್ಲಿ ಅಲಾರಾಂ ಇಟ್ಟೆ. ಡ್ರಾಪ್ಸನ್ನು ಮಾತ್ರ, ಹಾಕೋಕೆ ಮುಂಚೆ ಕೈ ತೊಳೆಯಬೇಕಲ್ಲ ಅಂತ, ಬೇಸಿನ್ ಪಕ್ಕ ಆ ಗ್ರಾನೈಟ್ ಮೇಲೆ ಇಟ್ಟೆ.

ಮೂರನೇ ದಿನ ಬೆಳಗಿನ ಆರು ಗಂಟೆ. ರಾತ್ರಿ ಎರಡರವರೆಗೆ ರಿಲೀಸ್ ಕಾಲ್ ಇತ್ತು, ನಾನು ಹೆಣದ ಹಾಗೆ ಮಲಗಿದ್ದೆ. ಹೆಂಡತಿ ಕೂಗಿದ್ದು ಕೇಳಿ ಎದ್ದು ಓಡಿದೆ. ಅವ್ವ ಕನ್ನಡಿ ಮುಂದೆ ತಲೆ ಹಿಂದಕ್ಕೆ ಬಾಗಿಸಿ ನಿಂತಿದ್ದಾಳೆ, ಎಡಗೈಯಲ್ಲಿ ಕೆಳರೆಪ್ಪೆ ಎಳೆದು ಹಿಡಿದಿದ್ದಾಳೆ, ಬಲಗೈಯಲ್ಲಿ ಬಾಟಲಿ. ಆ ಕೈಯನ್ನು ನನ್ನ ಹೆಂಡತಿ ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಬಾಟಲಿ ನನ್ನ ಕಿವಿ ಡ್ರಾಪ್ಸಿನದು, ಗುಗ್ಗೆ ಕರಗಿಸೋಕೆ ಕೊಟ್ಟಿದ್ದು. ಅಷ್ಟೇ ಉದ್ದ, ಅಷ್ಟೇ ದಪ್ಪ, ಅದೇ ಬಿಳಿ ಮುಚ್ಚಳ.

ಹನಿ ಬಿದ್ದಿರಲಿಲ್ಲ.

ನನಗೆ ಮೊದಲು ಬಂದಿದ್ದು ಸಿಟ್ಟು. ಅದನ್ನು ಮುಚ್ಚಿಟ್ಟು ಬರೆದರೆ ಈ ಲೇಖನಕ್ಕೆ ಅರ್ಥ ಇರಲ್ಲ. "ಓದಿ ನೋಡ್ಬಾರ್ದಾ ಅವ್ವಾ? ನಮ್ಮನ್ನ ಎಬ್ಬಿಸೋಕೇನಾಗಿತ್ತು?" ಅಂತ ರೇಗಿಬಿಟ್ಟೆ. ಅವ್ವ ಸಣ್ಣ ದನಿಯಲ್ಲಿ ಹೇಳಿದಳು: "ರಾತ್ರಿಯೆಲ್ಲ ಕೆಲ್ಸ ಮಾಡಿ ಮಲಗಿದ್ದೆ. ಎಬ್ಸೋದ್ಯಾಕೆ ಅಂತ. ಓದಕ್ಕೆ ಅದ್ರಲ್ಲಿ ಕನ್ನಡ ಎಲ್ಲೈತೆ ಕಣಪ್ಪ? ಕಣ್ಣು ಸರಿಯಾಗಿ ಕಂಡಿದ್ರೆ ಈ ಅವುಸ್ದಿ ಯಾತಕ್ಕೆ ಬೇಕಿತ್ತು?"

ಏಳನೇ ಕ್ಲಾಸ್‌ವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು ಅವಳು. ಮಗನನ್ನು ಬಿಇ ಓದಿಸಿದವಳು. ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದ ಲೇಬಲ್ಲನ್ನು, ಆಪರೇಷನ್ ಆದ ಕಣ್ಣಲ್ಲಿ, ಇಷ್ಟು ಬಾಟಲಿಗಳ ಸಂತೆಯ ಮಧ್ಯೆ ಓದು ಅಂತ ನಾನು ಅವಳಿಗೆ ಹೇಳಿದ್ದೆ. ಆಫೀಸಿನಲ್ಲಿ ಪ್ರೊಡಕ್ಷನ್‌ನಲ್ಲಿ ಏನಾದರೂ ಬಿದ್ದರೆ ನಾವು ಬಳಸಿದವರನ್ನು ಬೈಯೋದಿಲ್ಲ, ತಪ್ಪು ಮಾಡೋಕೆ ಅವಕಾಶ ಕೊಟ್ಟ ಡಿಸೈನನ್ನು ಹುಡುಕ್ತೀವಿ. ಅದು ಮನೆಯಲ್ಲಿ ನೆನಪಿಗೆ ಬರೋಕೆ ನನಗೆ ಮಧ್ಯಾಹ್ನ ಆಯ್ತು.

ಮಧ್ಯಾಹ್ನ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಫೋನ್ ತೆಗೆದು ಬಾತ್‌ರೂಮ್ ಆರ್ಗನೈಸರ್ ಅಂತ ಹುಡುಕಿದೆ. ಅಕ್ರಿಲಿಕ್ ಸ್ಟ್ಯಾಂಡು, ತಿರುಗೋ ಟ್ರೇ, ಬಿದಿರಿನ ಡಬ್ಬಿ. ಕಾರ್ಟಿನಲ್ಲಿ ಎರಡು ಸಾವಿರದ ಮುನ್ನೂರು ರೂಪಾಯಿ ಆಗಿತ್ತು. ಹೆಂಡತಿ ಇಣುಕಿ ನೋಡಿ, "ರೀ, ಕಸಕ್ಕೆ ಇನ್ನೊಂದು ಕಸ ತರಿಸ್ತೀರಾ?" ಅಂದಳು. ಕಾರ್ಟ್ ಖಾಲಿ ಮಾಡಿದೆ.

ಬಿಡದಿ ಕಡೆ ಕಾರ್ಖಾನೆಯಲ್ಲಿ ಕೆಲಸ ಮಾಡೋ ಗೆಳೆಯನೊಬ್ಬ ಯಾವಾಗಲೂ ಫೈವ್ ಎಸ್ ಅಂತ ಕೊರೀತಿರ್ತಾನೆ. ಜಪಾನಿನ ಕಾರ್ಖಾನೆಗಳಿಂದ ಬಂದ ಪದ್ಧತಿ, ಐದು ಹೆಜ್ಜೆ: ಸೈರಿ, ಸೈಟನ್, ಸೈಸೋ, ಸೈಕೆಟ್ಸು, ಶಿಟ್ಸುಕೆ. ಬೇಡದ್ದನ್ನು ಬೇರೆ ಮಾಡು, ಬೇಕಾದ್ದಕ್ಕೆ ಜಾಗ ಕೊಡು, ತೊಳಿ, ಒಂದು ರೂಢಿ ಮಾಡು, ಅದನ್ನು ಬಿಡಬೇಡ. ಇದರಲ್ಲಿ ಕ್ರಮ ಮುಖ್ಯ. ಡಬ್ಬಿ ತರೋದು ಮೊದಲನೇ ಹೆಜ್ಜೆ ಅಲ್ಲ. ನಾನು ಹೊರಟಿದ್ದು ಎರಡನೇ ಹೆಜ್ಜೆಯಿಂದ.

ಹಾಲಿನಲ್ಲಿ ಪೇಪರ್ ಹಾಸಿ ಎಲ್ಲವನ್ನೂ ತಂದು ಸುರಿದೆವು. ಒಟ್ಟು ನಲವತ್ಮೂರು. ಅವ್ವ ಸೋಫಾ ಮೇಲೆ ಕಪ್ಪು ಕನ್ನಡಕ ಹಾಕ್ಕೊಂಡು ಕೂತು, ನ್ಯಾಯಾಧೀಶರ ಹಾಗೆ, ಒಂದೊಂದನ್ನೂ "ಇದ್ಯಾತಕ್ಕೆ?" ಅಂತ ಕೇಳಿದಳು. ಉತ್ತರ ಬರದಿದ್ರೆ ಆಚೆಗೆ. ಅವಧಿ ಮುಗಿದಿದ್ದು, ಮುಗಿದಿದೆಯೋ ಇಲ್ಲವೋ ಓದೋಕಾಗದ್ದು ಹನ್ನೊಂದು. ಕ್ರೀಮಿನ ಡಬ್ಬಿಗಳ ಹಿಂದೆ ಮುಚ್ಚಳ ತೆಗೆದ ಡಬ್ಬಿಯ ಪುಟ್ಟ ಚಿತ್ರ ಇರುತ್ತಲ್ಲ, ಒಳಗೆ 12ಎಂ ಅಂತ? ತೆರೆದ ಮೇಲೆ ಹನ್ನೆರಡು ತಿಂಗಳು ಅಂತ ಅದರ ಅರ್ಥ. ಅದನ್ನು ನಾನು ಅಲ್ಲಿವರೆಗೆ ಗಮನಿಸಿಯೇ ಇರಲಿಲ್ಲ. ಒಂದು ಇದ್ದಾಗಲೇ ತಂದ ಇನ್ನೊಂದು, ಅಂಥವು ಒಂಬತ್ತು. ರಟ್ಟಿನ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದೆ. ಬಚ್ಚಲಿಗೆ ಸಂಬಂಧವೇ ಇಲ್ಲದ್ದು ಎಂಟು, ಸ್ಕ್ರೂಡ್ರೈವರ್ ಸಮೇತ. ಔಷಧಿಯೆಲ್ಲ ಈ ಲೆಕ್ಕದಲ್ಲೇ ಬಂತು. ಬಿಸಿನೀರಿನ ಹಬೆ, ತೇವ ಇರೋ ಕಡೆ ಮಾತ್ರೆ, ಔಷಧಿ ಇಡಲೇಬಾರದು, ಬೇಗ ಕೆಡುತ್ವೆ. ಉಳಿದಿದ್ದು ಹದಿನೈದು. ಅದರಲ್ಲಿ ದಿನಾ ಕೈ ಹೋಗೋದು ಏಳಕ್ಕೆ.

ಮೂರಡಿ ಕಟ್ಟೆಗೆ ಏಳು ಸಾಮಾನು. ಇನ್ಯಾವ ಆರ್ಗನೈಸರ್ ಬೇಕು?

ಆದರೂ ಮಧ್ಯಮ ವರ್ಗದ ಮನಸ್ಸು, ಏನೋ ಒಂದು ತರಬೇಕು. ಸಂಜೆ ಸಾರಕ್ಕಿ ಮಾರ್ಕೆಟ್ ಕಡೆ ಹೋಗಿ ಅಂಚು ಇರೋ ಒಂದು ಸ್ಟೀಲ್ ತಟ್ಟೆ ತಂದೆ, 140 ರೂಪಾಯಿ. ಆ ಏಳೂ ಅದರ ಮೇಲೆ. ಕಟ್ಟೆ ಒರೆಸುವಾಗ ಏಳು ಸಲ ಎತ್ತೋ ಬದಲು ತಟ್ಟೆ ಒಂದನ್ನೇ ಎತ್ತಿದ್ರೆ ಆಯ್ತು. ಇನ್ನೊಂದು ಲಾಭ ಆಮೇಲೆ ಗೊತ್ತಾಯ್ತು. ತಟ್ಟೆ ತುಂಬಿದ್ರೆ ಎಂಟನೇದಕ್ಕೆ ಜಾಗ ಇಲ್ಲ, ಒಂದು ಹೋದ್ರೆ ಮಾತ್ರ ಇನ್ನೊಂದು. ಉಳಿದ ಎಂಟಕ್ಕೆ ತಳದಲ್ಲಿ ತೂತಿರೋ ಪ್ಲಾಸ್ಟಿಕ್ ಬುಟ್ಟಿ, 80 ರೂಪಾಯಿ. ಬಾಡಿಗೆ ಮನೆ, ಟೈಲ್ಸಿಗೆ ಡ್ರಿಲ್ ಮಾಡಿದ್ರೆ ಅಡ್ವಾನ್ಸಿನಲ್ಲಿ ಕಡಿತ. ಅಂಟಿಸೋ ಹುಕ್ಕುಗಳು ಈ ತೇವಕ್ಕೆ ವಾರದಲ್ಲಿ ಕಳಚಿ ಬೀಳುತ್ವೆ, ಅನುಭವ ಇದೆ. ಬಾಗಿಲ ಮೇಲಂಚಿಗೆ ಸಿಕ್ಕಿಸೋ ಕೊಕ್ಕೆ ತಂದು ಬುಟ್ಟಿ ನೇತುಹಾಕಿದೆ, 90 ರೂಪಾಯಿ. ಬ್ರಶ್ಶುಗಳಿಗೆ ಅಡುಗೆಮನೆಯ ಎರಡು ಹಳೇ ಲೋಟ, ಪುಕ್ಕಟೆ.

ಆಮೇಲೆ ತೊಳೆಯೋದು. ನಮ್ಮದು ಬೋರ್‌ವೆಲ್ ನೀರು, ಗಡಸು. ಬಾಟಲಿಗಳ ಕೆಳಗೆಲ್ಲ ಬಿಳಿ ಉಂಗುರ, ನಲ್ಲಿ ಬುಡದಲ್ಲಿ ಸುಣ್ಣದ ಹಕ್ಕಳೆ. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಆದಾಗ ಏರಿಯೇಟರ್ ಹಾಕಿಸಿ ಅಂತ ಜಲಮಂಡಳಿ ಹೇಳಿತಲ್ಲ, ಆಗ ಹಾಕಿಸಿದ ಜರಡಿಯೂ ಕಟ್ಟಿಕೊಂಡು ನೀರು ಅಡ್ಡಾದಿಡ್ಡಿ ಚಿಮ್ಮುತ್ತಿತ್ತು. 45 ರೂಪಾಯಿಯ ವಿನೆಗರ್ ಇದಕ್ಕೆ ಸಾಕು. ಜರಡಿ ಬಿಚ್ಚಿ ರಾತ್ರಿ ಅದರಲ್ಲಿ ನೆನೆಹಾಕಿದೆ. ನಲ್ಲಿ ಬುಡಕ್ಕೆ ವಿನೆಗರಿನಲ್ಲಿ ಅದ್ದಿದ ಬಟ್ಟೆ ಅರ್ಧ ಗಂಟೆ ಸುತ್ತಿಟ್ಟು ತೊಳೆದೆ. ಎರಡು ಎಚ್ಚರಿಕೆ ಮಾತ್ರ. ಹುಳಿಯನ್ನು ಗ್ರಾನೈಟ್ ಮೇಲೆ ನಿಲ್ಲಿಸಬೇಡಿ, ಹೊಳಪು ಹೋಗುತ್ತೆ. ಬ್ಲೀಚ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತೆ. ಗ್ರಾನೈಟ್‌ಗೆ ಸಾದಾ ಸೋಪಿನ ನೀರು, ಒರೆಸಿದ ಮೇಲೆ ಒಣ ಬಟ್ಟೆ. ಕಲೆ ಆಗೋದೇ ನೀರು ನಿಂತು ಒಣಗಿದಾಗ.

ಲೆಕ್ಕ ಹಾಕಿದ್ರೆ ಖರ್ಚು 355 ರೂಪಾಯಿ. ಎಸೆದದ್ದರ ಲೆಕ್ಕ ಹಾಕೋಕೆ ಹೋಗಿ, ಮೂರು ಸಾವಿರ ದಾಟಿದ ಮೇಲೆ ಬಿಟ್ಟುಬಿಟ್ಟೆ.

ಸೋಪಿನ ಡಬ್ಬಿ ಮಾತ್ರ ತರೋಕೆ ಅವ್ವ ಬಿಡಲಿಲ್ಲ. ಊರಿಂದ ತಂದಿದ್ದ ಸಿಪ್ಪೆ ಕಾಯಿಯ ನಾರು ಎಳೆದು, ಹಕ್ಕಿ ಗೂಡಿನಂಥ ಒಂದು ಸಣ್ಣ ಸಿಂಬೆ ಸುತ್ತಿದಳು, ಕಣ್ಣಲ್ಲಿ ನೋಡದೇ, ಬೆರಳಲ್ಲೇ. ಸೋಪು ಅದರ ಮೇಲೆ. ನೀರು ಬಸಿದು ಸೋಪು ಒಣಗಿಯೇ ಇರುತ್ತೆ, ಲೊಳಲೊಳ ಅಂತ ಕರಗಲ್ಲ. ಡಬ್ಬಿಯಲ್ಲಿಟ್ಟ ಸೋಪಿಗಿಂತ ಇದು ಹೆಚ್ಚು ದಿನ ಬಂತು ಅಂತ ನನ್ನ ಹೆಂಡತಿ ಊರಿಗೆಲ್ಲ ಹೇಳ್ತಾ ಇದ್ದಾಳೆ.

ಕಣ್ಣಿನ ಡ್ರಾಪ್ಸ್ ಎಲ್ಲಿಡಬೇಕು ಅನ್ನೋದನ್ನೂ ಅವ್ವನೇ ತೀರ್ಮಾನ ಮಾಡಿದಳು. "ದೇವ್ರ ಗೂಡಲ್ಲಿಡು. ಅಲ್ಲಿ ಯಾರೂ ಇನ್ನೊಂದು ಸಾಮಾನು ತಂದಿಡಲ್ಲ." ನಾನು ಒಂದು ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದೆ, ಇನ್ನೊಂದಕ್ಕೆ ಎರಡು. ಮುಟ್ಟಿದ್ರೆ ಗೊತ್ತಾಗಬೇಕು. ಮಾರ್ಕರಿನಲ್ಲಿ ಬಿಳಿ ಪಟ್ಟಿ ಮೇಲೆ 'ಕಣ್ಣು' ಅಂತ ದಪ್ಪ ಅಕ್ಷರದಲ್ಲಿ ಬರೆದೆ, ಕೆಳಗೆ ತೆರೆದ ತಾರೀಕು. ಒಂದು ತಿಂಗಳು ಆದ ಮೇಲೆ ಉಳಿದಿದ್ರೂ ಎಸೆಯಬೇಕು ಅಂದಿದ್ರು. ಅಲಾರಾಂ ಹೊಡೆದಾಗ ಒಬ್ಬರಲ್ಲ ಒಬ್ಬರು ಹಾಕಿದೆವು. ಒಂದೆರಡು ಸಲ ನಾನು ಮೀಟಿಂಗಿನಲ್ಲಿದ್ದಾಗ ಅವಳೇ ಹಾಕಿಕೊಂಡಳು. ಸರಿಯಾಗಿಯೇ ಹಾಕಿಕೊಂಡಳು.

ಐದನೇ ವಾರ ಊರಿಗೆ ಹೊರಟು ನಿಂತಾಗ ಬಚ್ಚಲಿಗೆ ಹೋಗಿ ಬಂದು, "ಈಗ ನಮ್ಮ ಗೂಡಂಗೆ ಐತೆ ಕಣ್ಲಾ" ಅಂದಳು. ಬಸ್ ಹತ್ತಿಸಿ ಬಂದು ನೋಡ್ತೀನಿ, ಹಲ್ಲುಪುಡಿ ಡಬ್ಬಿಯನ್ನು ಅವಳು ಬಿಟ್ಟು ಹೋಗಿದ್ದಳು. ಕಿಟಕಿ ಮೇಲಲ್ಲ. ಕಟ್ಟೆಯ ಬಲಗಡೆ ತುದಿಯಲ್ಲಿ.

ನಾವು ಸುಧಾರಿಸಿಬಿಟ್ಟಿದ್ದೀವಿ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಐದನೇ ಎಸ್ ಇದೆಯಲ್ಲ, ಬಿಡದೆ ನಡೆಸೋದು, ಅದರಲ್ಲಿ ನಾನು ಫೇಲ್. ತಟ್ಟೆಯ ಪಕ್ಕ ಒಂದು ಫೇಸ್ ವಾಶ್ ಬಂದಿದೆ, ಅದರ ಹಿಂದೆಯೇ ಒಂದು ಸೀರಮ್ಮು. ತಿಂಗಳ ಮೊದಲ ಭಾನುವಾರ ಪೇಪರ್ ಹಾಸಿ ಕೂರ್ತೀವಿ, "ಇದ್ಯಾತಕ್ಕೆ?" ಅಂತ ಒಬ್ಬರಿಗೊಬ್ಬರು ಅವ್ವನ ದನಿಯಲ್ಲಿ ಕೇಳ್ಕೋತೀವಿ, ಒಂದೆರಡು ಆಚೆ ಹೋಗುತ್ವೆ.

ಆದ್ರೆ ಬಲಗಡೆ ತುದಿಯ ಒಂದು ಗೇಣು ಜಾಗಕ್ಕೆ ಏನೂ ಬರಲ್ಲ. ಹಲ್ಲುಪುಡಿ ಡಬ್ಬಿ, ಒಂದು ಲೋಟ, ಅಷ್ಟೇ. ಮುಂದಿನ ತಿಂಗಳು ಬಲಗಣ್ಣು.