ವೆಂಬ್ಲಿಯ ಅಂಗಣ

ಲಂಡನ್ ನಗರಕ್ಕೆ ಹೋದವರು ಅರಮನೆಯನ್ನೂ ವಸ್ತುಸಂಗ್ರಹಾಲಯವನ್ನೂ ನೋಡಿ ಬರುವುದು ವಾಡಿಕೆ. ನಾವಾದರೋ ಒಂದು ದಿನವನ್ನು ಕಾಲ್ಚೆಂಡಾಟದ ಅಂಗಣವೊಂದಕ್ಕೆ ಮೀಸಲಿಟ್ಟೆವು. ಬೇಕರ್ ಸ್ಟ್ರೀಟಿನಲ್ಲಿ ರೈಲು ಹತ್ತಿ ವೆಂಬ್ಲಿ ಪಾರ್ಕಿನಲ್ಲಿ ಇಳಿದೆವು. ನಿಲ್ದಾಣದ ಮೆಟ್ಟಿಲ ಮೇಲೆ ನಿಂತೊಡನೆಯೇ, ಅಗಲವಾದ ನೇರ ಹಾದಿಯ ತುದಿಯಲ್ಲಿ, ಕಾಮನಬಿಲ್ಲಿನಂತೆ ಬಾಗಿದ ಉಕ್ಕಿನ ಕಮಾನು ಕಣ್ಣಿಗೆ ಬಿದ್ದಿತು.

ಈಗಿರುವುದು 2007ರಲ್ಲಿ ತೆರೆದ ಹೊಸ ಕಟ್ಟಡ. 90,000 ಜನರು ಕುಳಿತು ನೋಡಬಹುದು. ಇದರ ಹಿಂದಿನದು ಬ್ರಿಟಿಷ್ ಸಾಮ್ರಾಜ್ಯದ ವೈಭವವನ್ನು ಲೋಕಕ್ಕೆ ತೋರಿಸಲು ಏರ್ಪಟ್ಟ 1924ರ ಮಹಾಪ್ರದರ್ಶನಕ್ಕಾಗಿ ಸುಮಾರು 300 ದಿನಗಳಲ್ಲಿ ಕಟ್ಟಿದ್ದು. 'ಎಂಪೈರ್ ಸ್ಟೇಡಿಯಂ' ಎಂದೇ ಅದಕ್ಕೆ ಹೆಸರು. ಮುಂಭಾಗದಲ್ಲಿ ಎರಡು ಬಿಳಿಯ ಗೋಪುರಗಳಿದ್ದುವು.

1923ರ ಏಪ್ರಿಲ್ 28ರಂದು ಅಲ್ಲಿ ಮೊದಲ ಪಂದ್ಯ. ಬೋಲ್ಟನ್ ತಂಡಕ್ಕೂ ವೆಸ್ಟ್ ಹ್ಯಾಮ್ ತಂಡಕ್ಕೂ. ಲೆಕ್ಕಕ್ಕೆ ಸಿಕ್ಕಿದವರೇ 1,26,047 ಮಂದಿ. ಗೋಡೆ ಹಾರಿ ಬಂದವರನ್ನು ಎಣಿಸಿದವರಾರು! ಜನಪ್ರವಾಹವು ಆಟದ ಹುಲ್ಲನ್ನೇ ಮುಚ್ಚಿಬಿಟ್ಟಿತು. ಆಗ ಜಾರ್ಜ್ ಸ್ಕೋರಿ ಎಂಬ ಪೋಲೀಸಿನವನು, ಬಿಲ್ಲಿ ಎಂಬ ತನ್ನ ಕುದುರೆಯನ್ನೇರಿ, ಇತರ ಸವಾರರೊಡನೆ ಮೆಲ್ಲಮೆಲ್ಲನೆ ಜನರನ್ನು ಅಂಚಿಗೆ ಸರಿಸಿದನು. ಅನೇಕರಿಗೆ ಪೆಟ್ಟಾಯಿತೇ ಹೊರತು ಒಂದು ಜೀವವೂ ಹೋಗಲಿಲ್ಲ. ಮುಕ್ಕಾಲು ಗಂಟೆ ತಡವಾಗಿ ಆಟ ನಡೆದು ಬೋಲ್ಟನ್ 2–0ರಿಂದ ಗೆದ್ದಿತು. ಇಂದು ಸಮೀಪದ ಸೇತುವೆಯೊಂದಕ್ಕೆ 'ಬಿಳಿಗುದುರೆ'ಯ ಹೆಸರಿದೆ. 1966ರಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಯನ್ನು 4–2ರಿಂದ ಸೋಲಿಸಿ ವಿಶ್ವಕಪ್ಪನ್ನು ಪಡೆದುದೂ ಇಲ್ಲಿಯೇ.

ಆದರೆ ನಮ್ಮನ್ನು ಅಲ್ಲಿಗೆ ಸೆಳೆದುದು ಇನ್ನೊಂದು ದಿನ: 1948ರ ಆಗಸ್ಟ್ 12. ನಮಗೆ ಸ್ವಾತಂತ್ರ್ಯ ಬಂದು ವರ್ಷ ತುಂಬಲು ಇನ್ನೂ ಮೂರು ದಿನವಿತ್ತು. ಒಲಿಂಪಿಕ್ ಹಾಕಿಯ ಕಡೆಯ ಪಂದ್ಯದಲ್ಲಿ, ಕಿಶನ್ ಲಾಲರ ನಾಯಕತ್ವದಲ್ಲಿ, ನಮ್ಮವರು ಬ್ರಿಟನ್ನಿನ ತಂಡವನ್ನು 4–0ರಿಂದ ಸೋಲಿಸಿದರು. ಬಲಬೀರ್ ಸಿಂಗರೊಬ್ಬರೇ ಎರಡು ಗೋಲು ಹೊಡೆದರು. ಹಿಂದೆ ಮೂರು ಸಲ ಗೆದ್ದಾಗ ನಾವು ಪರಾಧೀನರು. ಈಗ ಸಾಮ್ರಾಜ್ಯದ ಹೆಸರು ಹೊತ್ತ ಅಂಗಣದಲ್ಲಿಯೇ ನಮ್ಮ ತ್ರಿವರ್ಣಧ್ವಜ ಮೇಲೇರಿತು.

ಹಳೆಯ ಅಂಗಣವನ್ನು 2000ದಲ್ಲಿ ಮುಚ್ಚಿದರು. 2003ರಲ್ಲಿ ಗೋಪುರಗಳನ್ನೂ ಕೆಡವಿದರು. ಧ್ವಜವೇರಿದ ಅಂದಿನ ಕಟ್ಟಡದಲ್ಲಿ ಕೈಯಿಂದ ಮುಟ್ಟಿ ನೋಡಲು ಒಂದು ಗೋಡೆಯೂ ನಮಗೆ ದೊರೆಯಲಿಲ್ಲ. ಆದರೂ ನೆಲ ಅದೇ ನೆಲವಲ್ಲವೆ? ಪಾದರಕ್ಷೆಗಳನ್ನು ಬಿಟ್ಟು ಒಂದು ಕ್ಷಣ ನಿಂತು, ಸಂಜೆಯ ರೈಲಿಗೆ ಹಿಂದಿರುಗಿದೆವು.