ಬೆಣೆಗೆ ಬಾಗುವ ಬಿಲ್ಲು

ಜಪಾನಿನ ಕ್ಯೂಶೂ ದ್ವೀಪದ ಮಿಯಾಕೊನೊಜೊ ನಗರವನ್ನು ಚಳಿಗಾಲದಲ್ಲಿಯೇ ನೋಡಬೇಕು. ಆ ದೇಶದ ಬಿದಿರುಬಿಲ್ಲುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ. ಬಿದಿರು ಕಡಿಯುವ ಕಾಲವೂ ಅದೇ. ಬಿಲ್ಲಿನ ಉದ್ದವೋ ಏಳಡಿಗೂ ಮಿಗಿಲು, ಹಿಡಿಯುವವನಿಗಿಂತ ಎತ್ತರ! ಹಿಡಿಯಾದರೂ ನಡುವಿನಲ್ಲಿರದೆ ಕೆಳಗಿಳಿದಿದೆ.

ಹೊರಗೊಂದು, ಒಳಗೊಂದು ಬಿದಿರುಪಟ್ಟಿ. ನಡುವೆ ಬಿದಿರು, ಮರಗಳ ಸೀಳುಗಳು. ಇವಕ್ಕೆ ಅಂಟು ಬಳಿದು ಹಗ್ಗ ಸುತ್ತುತ್ತಾರೆ. ಹಿಂದೆ ಆ ಅಂಟು ಜಿಂಕೆಯ ಚರ್ಮದ್ದು.

ಹೊಸಬನಿಗೆ ಪರೀಕ್ಷೆ ಆಮೇಲೆ. ಅಂಟು ಬಿಗಿಯುವ ಮೊದಲೇ ಹಗ್ಗದಡಿ ಸುಮಾರು ನೂರು ಬಿದಿರುಬೆಣೆಗಳನ್ನು ಬಡಿದು, ಹೆದೆಯೇರಿಸುವ ದಿಕ್ಕಿಗೆ ವಿರುದ್ಧವಾಗಿ ಬಿಲ್ಲನ್ನು ಬಾಗಿಸಬೇಕು. ಬೆಣೆ ಓರೆಯಾದರೆ ಬಿಲ್ಲು ತಿರುಚಿತು. ಅಷ್ಟು ದಿನದ ದುಡಿಮೆ ಒಲೆಗೆ. 1994ರಲ್ಲಿ ಸರ್ಕಾರವು ಇದನ್ನು ಪಾರಂಪರಿಕ ಕರಕುಶಲವೆಂದು ಮನ್ನಿಸಿತು. ಮನ್ನಣೆಯಿಂದ ಕೈ ಪಳಗೀತೆ? ಅಂಟು ಆರಿದ ಮೇಲೆ ಒಡೆಯನು ಬೆಣೆಗಳನ್ನು ಒಂದೊಂದಾಗಿ ಕಳಚುವಾಗ, ಹೊಸಬನು ಉಸಿರು ಬಿಗಿಹಿಡಿದು ಪಕ್ಕದಲ್ಲಿ ನಿಂತಿರುತ್ತಾನೆ.